ಬೋರಲಚಿಕ್ಕಿ ಗುಡ್ಡ

ತೆಗ್ಗಿನಾಳದಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ, ಎರೆಭೂಮಿಯ ನಡುವೆ ಒಂಟಿಯಾಗಿ ಎದ್ದು ನಿಂತ ಸುಣ್ಣಗಲ್ಲಿನ ಗುಡ್ಡವೊಂದು ಸಿಗುತ್ತದೆ. ಎತ್ತರವೇನೂ ಹೆಚ್ಚಲ್ಲ, ಕಾಲಲ್ಲಿ ಕಸುವಿದ್ದವರು ಬಾಯಿಗೆ ಹಾಕಿಕೊಂಡ ಎಲೆಅಡಿಕೆ ಮುಗಿಯುವಷ್ಟರಲ್ಲಿ ನೆತ್ತಿ ಮುಟ್ಟುತ್ತಾರೆ. ನೆತ್ತಿಯ ಮೇಲೆ ಮೂರು ದಿಕ್ಕಿಗೆ ಕೋಟೆಯ ಗೋಡೆಯಿದೆ, ತೆಂಕಣಕ್ಕೆ ಇಲ್ಲ. ಗೋಡೆಯಿಲ್ಲದ ಆ ಅಂಚಿಗೆ ಹತ್ತಿರವಾಗಿ, ಮುಕ್ಕಾಲು ಪಾಲು ಹೂತುಹೋದ ಬಾವಿಯೊಂದಿದೆ. ಅದರ ಕೆಳಗೆ, ಗುಡ್ಡದ ಪಕ್ಕೆಯಲ್ಲಿ, ಹೊಟ್ಟೆಯ ಮೇಲೆ ತೆವಳಿದರೆ ಮಾತ್ರ ಒಳಗೆ ಹೋಗಬಹುದಾದ ಸಣ್ಣ ಗವಿ. ಅದರ ಬಾಯಿಂದ ವರ್ಷವಿಡೀ ನೀರು ಹರಿಯುತ್ತದೆ. ದಾರಿಬದಿಯ ಹಲಗೆಯ ಮೇಲೆ ‘ಬೋರಲಚಿಕ್ಕಿ ಗುಡ್ಡ’ ಎಂದು ಬರೆದಿದೆ. ನಮ್ಮ ಕಡೆ ಚಿಕ್ಕಿ ಎಂದರೆ ನಕ್ಷತ್ರ, ಬೋರಲು ಎಂದರೆ ಮುಖ ಕೆಳಗಾಗಿ ಬಿದ್ದದ್ದು. ಬಾನಿನಿಂದ ನಕ್ಷತ್ರವೊಂದು ಕಳಚಿ ಇಲ್ಲಿ ಬೋರಲು ಬಿತ್ತೆಂದು ಕೆಲವರು ಹೇಳುತ್ತಾರೆ. ಇಲ್ಲಿ ಹಿಂದೆ ಶೇಂಗಾ ಚಿಕ್ಕಿಯ ಅಂಗಡಿ ಇತ್ತೆಂದು ಬಸ್ಸಿನ ಕಂಡಕ್ಟರೊಬ್ಬರು ಪ್ರಯಾಣಿಕರಿಗೆ ವಿವರಿಸುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಎರಡೂ ನಿಜವಲ್ಲ. ಈ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಪಾಠ ಹೇಳಿದವಳು ನಾನು. ಹೆಸರಿನ ಹಿಂದಿನ ಸಂಗತಿಯನ್ನು ತೊಂಬತ್ತು ದಾಟಿದ್ದ ನೀಲಗಂಗವ್ವನ ಬಾಯಿಂದ ಕೇಳಿ ಬರೆದುಕೊಂಡಿದ್ದೇನೆ.

ಮೊದಲು ಚಿಕ್ಕಿಗಲ್ಲಿನ ವಿಷಯ ಹೇಳಬೇಕು. ಈ ಗುಡ್ಡದಲ್ಲಿ, ಮೇಲಿನ ಬಿಳಿಯ ಹಾಸುಬಂಡೆಗೂ ಕೆಳಗಿನ ಉಸುಕಿಗೂ ನಡುವೆ, ಎರಡು ಮೊಳ ದಪ್ಪದ ಹಳದಿ ಮಣ್ಣಿನ ಪಟ್ಟಿಯೊಂದು ಹಾದುಹೋಗಿದೆ. ಆ ಮಣ್ಣಿನಲ್ಲಿ ಸಾಲುಸಾಲಾಗಿ ದುಂಡನೆಯ ಕಲ್ಲುಗಳು ಸಿಗುತ್ತವೆ. ಗಾತ್ರ ಒಂದು ಕಡುಬಿನಷ್ಟು. ಮೇಲ್ಮೈ ಉಬ್ಬಿ, ಅದರ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ತೂತುಗಳಿಂದ ಐದೆಸಳಿನ ಚಿಕ್ಕಿಯೊಂದು ಮೂಡಿರುತ್ತದೆ. ಕೆಳಭಾಗ ಚಪ್ಪಟೆ, ನಡುವೆ ಒಂದು ಪುಟ್ಟ ಬಾಯಿ. ಕೆಲವು ವರ್ಷಗಳ ಹಿಂದೆ ಭೂಗರ್ಭಶಾಸ್ತ್ರ ಕಲಿಸುವ ಅಧ್ಯಾಪಕಿಯೊಬ್ಬರು ಸುತ್ತಿಗೆ ಹಿಡಿದು ಬಂದಿದ್ದರು. ಈ ಬಯಲೆಲ್ಲ ಒಂದಾನೊಂದು ಕಾಲದಲ್ಲಿ ಕಡಲಾಗಿತ್ತೆಂದೂ, ಇವು ಕಲ್ಲಾಗಿಹೋದ ಕಡಲಜೀವಿಗಳೆಂದೂ, ಜೀವವಿದ್ದಾಗ ಮೈತುಂಬ ಕೂದಲಿನಂಥ ಮುಳ್ಳುಗಳಿದ್ದವೆಂದೂ ಅವರು ಹೇಳಿದರು. ಮುಳ್ಳುಚೆಂಡಿನಂಥ ಜೀವಿಗಳು ಇಂದಿಗೂ ಕಡಲಲ್ಲಿ ಇವೆಯಂತೆ; ಆದರೆ ಇವುಗಳ ಮನೆತನ ಮಾತ್ರ ಪೂರ್ತಿ ಅಳಿದಿದೆ, ಯಾವ ಕಡಲಿನಲ್ಲೂ ಒಂದು ಕುಡಿ ಉಳಿದಿಲ್ಲ. ಕಡಲ ತಳದ ಕೆಸರಿನಲ್ಲಿ ಬಾಯಿ ಕೆಳಗೆ, ಚಿಕ್ಕಿ ಮೇಲೆ ಮಾಡಿಕೊಂಡು ಹೂತು ಬದುಕುತ್ತಿದ್ದವು, ಸತ್ತಾಗಲೂ ಹಾಗೆಯೇ ಉಳಿದವು ಎಂದೂ ಅವರು ಹೇಳಿದರು. ಕಡಲನ್ನು ಕಾಣದ ನಮ್ಮ ಬಾವಿ ತೋಡುವವರು ಈ ಒಂದು ಮಾತನ್ನು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಇಬ್ಬರ ಜೀವ ಅದೇ ಮಾತಿನ ಮೇಲೆ ನಿಂತಿತ್ತು.

ಹಿಂದೆ ಒಮ್ಮೆ, ಇಲ್ಲಿ ದೇಸಗತಿ ನಡೆಯುತ್ತಿದ್ದ ಕಾಲಕ್ಕೆ, ತೆಗ್ಗಿನಾಳವನ್ನು ಜಡೆಪ್ಪ ದೇಸಾಯಿ ಎಂಬವನು ಆಳುತ್ತಿದ್ದ. ಬಡಗಣದಿಂದ ಕುದುರೆ ಸವಾರರ ದಂಡುಗಳು ಸುಗ್ಗಿ ಮುಗಿಯುತ್ತಲೇ ಇಳಿದು ಬಂದು ಊರುಗಳನ್ನು ಸುಲಿಯುತ್ತಿದ್ದ ದಿನಗಳು ಅವು. ಹಿಂದಿನ ವರ್ಷ ಪಕ್ಕದ ಎರಡು ಊರುಗಳನ್ನು ಸುಟ್ಟಿದ್ದರು. ತನ್ನ ಆರುನೂರು ಮಂದಿ ದನಕರುಗಳೊಡನೆ ಸೇರಿಕೊಳ್ಳಲು ಒಂದು ಕೋಟೆ ಬೇಕೆಂದು ದೇಸಾಯಿ ಈ ಗುಡ್ಡವನ್ನು ಆರಿಸಿದ. ನಾಲ್ಕು ತಿಂಗಳು ದುಡಿದು ಗೋಡೆ ಎಬ್ಬಿಸಿದರು. ತೆಂಕಣ ಅಂಚಿನ ಮೇಲೆ, ಎಲ್ಲಕ್ಕಿಂತ ದೊಡ್ಡದಾದ ಹುಡೇವನ್ನು ಕಟ್ಟಿದರು. ನಮ್ಮ ಕಡೆ ಕೋಟೆಯ ಬುರುಜನ್ನು ಹುಡೇವು ಎನ್ನುತ್ತಾರೆ. ಇನ್ನುಳಿದದ್ದು ನೀರು. ನೀರಿಲ್ಲದ ಕೋಟೆಯಲ್ಲಿ ಮೂರು ದಿನವೂ ನಿಲ್ಲಲಾಗದೆಂದು ಬಾವಿ ತೋಡುವವರನ್ನು ಕರೆಸಿದರು. ಬಂದವರು ಓಬಳಪ್ಪನ ಮನೆಯವರು. ಓಬಳಪ್ಪ ಅರವತ್ತು ದಾಟಿದ ಮುದುಕ. ಬಂಡೆ ಸಿಡಿದು ಎರಡೂ ಕಣ್ಣು ಕಳೆದುಕೊಂಡು ಹತ್ತು ವರ್ಷವಾಗಿತ್ತು. ಅವನ ಮಗಳು ಗಾಳೆವ್ವ, ಅಪ್ಪನ ಕಣ್ಣಾಗಿ ದುಡಿಯುತ್ತ ಅಪ್ಪನ ವಿದ್ಯೆಯನ್ನೆಲ್ಲ ಕಲಿತವಳು. ಎಲ್ಲಿ ತೋಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುತ್ತಿದ್ದವಳು ಅವಳೇ. ಕೆಳಗಿಳಿದು ಹಾರೆ ಹಾಕುತ್ತಿದ್ದವನು ಅವಳ ಗಂಡ ಬರಮಣ್ಣ, ಹೆಚ್ಚು ಮಾತಿಲ್ಲದ ಗಟ್ಟಿ ಆಳು. ಮಣ್ಣು ಹೊರಲು ಏಳೆಂಟು ಮಂದಿ ಬಂಧುಗಳಿದ್ದರು.

ಏಳಾಳು, ಅಂದರೆ ಏಳು ಆಳೆತ್ತರದಷ್ಟು ಆಳಕ್ಕೆ ಇಳಿದಾಗ ಚಿಕ್ಕಿಗಲ್ಲಿನ ಸಾಲು ಸಿಕ್ಕಿತು. ಗಾಳೆವ್ವ ಬುಟ್ಟಿಯಲ್ಲಿ ಬಂದ ಹಳದಿ ಮಣ್ಣನ್ನು ಕಂಡು ಕೆಲಸ ನಿಲ್ಲಿಸಿದಳು. ಈ ಸಾಲು ಇರುವತನಕ ಬಾವಿಯ ಗೋಡೆ ತಾನಾಗಿ ನಿಲ್ಲುತ್ತದೆ, ಇದನ್ನು ದಾಟಿದರೆ ಕೆಳಗೆ ನೀರಿನ ಒತ್ತಡ ಹೊತ್ತ ಉಸುಕು. ಸುತ್ತ ಕಲ್ಲು ಕಟ್ಟದೆ ಒಂದು ಮೊಳವೂ ಇಳಿಯಬಾರದು ಎಂಬುದು ಅವರ ಕಸುಬಿನ ಕಟ್ಟಳೆ. ಕಲ್ಲು ಕಟ್ಟಲು ಹದಿನೈದು ದಿನ ಬೇಕು. ಕೆಲಸದ ಮೇಲ್ವಿಚಾರಣೆ ದೇಸಾಯಿಯ ಕಾರಭಾರಿ ರಾಚಪ್ಪನದು. ಸವಾರರು ಹೊಳೆ ದಾಟಿದ ಸುದ್ದಿ ಅಂದೇ ಬಂದಿತ್ತು.

“ಹದಿನೈದು ದಿನ ಎಲ್ಲಿಂದ ತರಲಿ?” ಎಂದು ರಾಚಪ್ಪ ಸಿಟ್ಟಾದ. “ನೀರು ಒಂದಾಳು ಕೆಳಗ ಅದ ಅಂತ ನೀನ ಅಂತೀ. ಒಂದಾಳು ತೋಡಾಕ ಎರಡು ದಿನ ಸಾಕು. ನೀರು ಬರಲಿ, ಆಮ್ಯಾಲ ಕಲ್ಲು ಕಟ್ರಿ.”

“ನೀರು ಬಂದ ಮ್ಯಾಲ ಕಟ್ಟಾಕ ಆಳು ಇರಬೇಕಲ್ರಿ ಕಾರಭಾರಿ,” ಎಂದಳು ಗಾಳೆವ್ವ. “ಉಸುಕು ನಮ್ಮ ಮಾತು ಕೇಳೂದಿಲ್ಲ.”

ರಾಚಪ್ಪ ಬರಮಣ್ಣನ ಕಡೆ ತಿರುಗಿ, ಅಂಜಿಕೆ ಇದ್ದರೆ ತಾನೂ ಜೊತೆಗೆ ಇಳಿಯುತ್ತೇನೆ ಎಂದ. ಬರಮಣ್ಣ ಹೆಂಡತಿಯ ಮುಖ ನೋಡಿದ, ಮುದುಕನ ಮುಖ ನೋಡಿದ. ಊರಿನ ಮಂದಿಯೆಲ್ಲ ಬಾವಿಯ ಸುತ್ತ ನಿಂತಿದ್ದರು. ಎಲ್ಲರ ಕಣ್ಣಲ್ಲೂ ಸವಾರರ ಭಯವಿತ್ತು. ಅವನು ಹಗ್ಗ ಹಿಡಿದು ಇಳಿದ. ರಾಚಪ್ಪ ಆಡಿದ ಮಾತು ತಪ್ಪುವ ಜಾತಿಯವನಲ್ಲ, ಪಂಚೆ ಎತ್ತಿಕಟ್ಟಿ ಹಿಂದೆಯೇ ಇಳಿದ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಬೆಳಿಗ್ಗೆ, ಬಿಸಿಲು ಬಾವಿಯ ಬಾಯಿಗೆ ಇಳಿಯುವ ಹೊತ್ತಿಗೆ, ಸಾಲಿನ ಕೆಳಗಿನ ಗೋಡೆ ಹೊಟ್ಟೆಯಂತೆ ಉಬ್ಬಿ ಒಡೆಯಿತು. ಮೇಲಿದ್ದವರಿಗೆ ಕೇಳಿಸಿದ್ದು ಒಂದು ದೀರ್ಘ ನಿಟ್ಟುಸಿರಿನಂಥ ಸದ್ದು ಮಾತ್ರ. ಹಿಂದೆಯೇ ಬಂಡಿಯ ಗಾತ್ರದ ಹಾಸುಗಲ್ಲೊಂದು ಕಳಚಿ ಬಿದ್ದು ಬಾವಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು, ಅದರ ಮೇಲೆ ಮಣ್ಣು ಕಲ್ಲು ಸುರಿದು ನಾಲ್ಕಾಳು ಎತ್ತರ ತುಂಬಿತು. ಹಿಡಿದಿದ್ದ ಹಗ್ಗ ಮೇಲಿನವರ ಕೈಯನ್ನು ಸುಡುತ್ತ ಜಾರಿ ಹೋಯಿತು.

ಧೂಳು ಅಡಗಿದ ಮೇಲೆ ಓಬಳಪ್ಪ ಎಲ್ಲರಿಗೂ ಸುಮ್ಮನಿರಲು ಹೇಳಿ, ಬಾವಿಯ ದಂಡೆಯ ಬಂಡೆಗೆ ಕಿವಿ ಹಚ್ಚಿ ಮಲಗಿದ. ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಬಹಳ ಹೊತ್ತಿನ ಮೇಲೆ ಅವನು ಬೆರಳೆತ್ತಿದ. ಕೆಳಗಿನಿಂದ ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಮೂರು ಪೆಟ್ಟು. ಬಾವಿ ತೋಡುವವರು ಜೀವಂತ ಇದ್ದೇವೆಂದು ತಿಳಿಸುವ ಬಗೆ ಅದು. ಜನ ಹೋ ಎಂದು ಬುಟ್ಟಿ ಸಲಿಕೆ ಹಿಡಿದು ಮುನ್ನುಗ್ಗಿದರು. ಮುದುಕ ಎರಡೂ ಕೈ ಚಾಚಿ ಬಾವಿಗೆ ಅಡ್ಡ ನಿಂತ. ಆ ಹಾಸುಗಲ್ಲು ಯಾವ ಆಧಾರದ ಮೇಲೆ ನಿಂತಿದೆಯೋ ಯಾರಿಗೂ ಗೊತ್ತಿಲ್ಲ, ಮೇಲಿನಿಂದ ಒಂದು ಬುಟ್ಟಿ ಮಣ್ಣು ಕೆದಕಿದರೂ ಅದು ಕೆಳಗಿನವರ ತಲೆಯ ಮೇಲೆ ಕೂರುತ್ತದೆ ಎಂದ. ಆಗ ನೆರೆದವರಲ್ಲಿ ಒಬ್ಬ ಹಿರಿಯ, ನೀರಿನ ದೇವತೆ ಗಂಗವ್ವ ತನಗೆ ಬೇಕಾದ್ದನ್ನು ತೆಗೆದುಕೊಂಡಿದ್ದಾಳೆ, ಇನ್ನು ನೀರು ಬರುತ್ತದೆ, ಅರಿಸಿನ ಕುಂಕುಮ ಏರಿಸಿ ಕೈಮುಗಿಯೋಣ ಎಂದನಂತೆ. ಒಂದಿಬ್ಬರು ತಲೆಯಾಡಿಸಿದರು. ಗಾಳೆವ್ವ ಅವರ ಕಡೆ ನೋಡಲೂ ಇಲ್ಲ. ಅವಳು ಬಾವಿಯಿಂದ ತೆಂಕಣ ಅಂಚಿನತನಕ ಹಗ್ಗ ಹಾಸಿ ಅಳೆಯುತ್ತಿದ್ದಳು. ಒಂಬತ್ತು ಮಾರು ಬಂತು.

ಅಂಚಿನಿಂದ ಬಗ್ಗಿ ನೋಡಿದರೆ ಗುಡ್ಡದ ಪಕ್ಕೆಯಲ್ಲಿ ಅದೇ ಹಳದಿ ಪಟ್ಟಿ ಹೊರಗೆ ಕಾಣುತ್ತಿತ್ತು. ಬಾವಿಯೊಳಗೆ ಕಂಡ ಸಾಲೂ ಇದೂ ಒಂದೇ. ಮೇಲೆ ಗಟ್ಟಿ ಹಾಸುಬಂಡೆಯ ಚಾವಣಿ, ನಡುವೆ ಗುದ್ದಲಿಗೆ ಬಗ್ಗುವ ಮಣ್ಣು. ಚಿಕ್ಕಿಗಲ್ಲಿನ ಬೆನ್ನು ಹಿಡಿದು ಒಳಗೆ ತೆವಳುತ್ತ ಹೋದರೆ ಹಾಸುಗಲ್ಲಿನ ಕೆಳಗೆ, ಅವರಿಬ್ಬರ ತಲೆಯ ಮಟ್ಟಕ್ಕೆ ಹೋಗಿ ಮುಟ್ಟಬಹುದು. ಅವಳು ಇದನ್ನು ಹೇಳಿದಾಗ ಓಬಳಪ್ಪ ಹೌದೆಂದ. ಆದರೆ ಗೋಡೆ ಕಟ್ಟಿದ ಉಪ್ಪಾರ ತಲೆ ಕೊಡವಿದ. ಆ ಪಟ್ಟಿಯ ನೇರ ಮೇಲೆ ನಿಂತದ್ದು ದೊಡ್ಡ ಹುಡೇವು. ಅದರ ಬುಡದಲ್ಲಿ ಸುರಂಗ ಕೊರೆದರೆ ಇಡೀ ಭಾರ ಬಂಡೆಯ ಅಂಚನ್ನು ಮುರಿದು ಕೆಳಗಿಳಿಯುತ್ತದೆ, ಒಳಗೆ ಹೋದವರೂ ಉಳಿಯುವುದಿಲ್ಲ ಎಂದ. ಅಷ್ಟರಲ್ಲಿ ದೇಸಾಯಿ ಬಂದಿದ್ದ. ಗಾಳೆವ್ವ ಅವನ ಮುಂದೆ ನಿಂತಳು, ಕಾಲಿಗೆ ಬೀಳಲಿಲ್ಲ.

“ಹುಡೇವು ಇಳಸ್ರಿ ಧಣಿ,” ಎಂದಳು. “ಭಾರ ಇಲ್ಲಂದ್ರ ಬೀಳೂದು ಏನದ?”

“ಕೆಳಗ ಇಬ್ಬರು ಅದಾರ,” ಎಂದ ದೇಸಾಯಿ. “ಊರಾಗ ಆರುನೂರು ಮಂದಿ. ಸವಾರರು ಬಂದಾಗ ಬಯಲಾದ ಆ ಅಂಚಿಗೆ ನಾ ಏನು ಅಡ್ಡ ಇಡಲಿ, ನೀನ ಹೇಳು.”

“ಅದು ನನಗ ಗೊತ್ತಿಲ್ರಿ. ನಾ ಬಾವಿ ತೋಡಾಕಿ. ಸವಾರರು ಇನ್ನೂ ಬಂದಿಲ್ಲ, ಇವರು ಈಗ ಬಡೀಲಿಕತ್ಯಾರ. ನೀವೂ ಕೇಳಬೇಕಂದ್ರ ಆ ಬಂಡೆಗೆ ಕಿವಿ ಹಚ್ರಿ.”

ದೇಸಾಯಿ ಕಿವಿ ಹಚ್ಚಲಿಲ್ಲ. ಹುಡೇವಿನ ಕಡೆ ನೋಡುತ್ತ ನಿಂತ. ಎಷ್ಟು ದಿನ ತಾಳಿಯಾರು ಎಂದು ಓಬಳಪ್ಪನನ್ನು ಕೇಳಿದ. ನೀರು ಏರುವತನಕ ಎಂದ ಮುದುಕ. ದೇಸಾಯಿ ಉಪ್ಪಾರನ ಕಡೆ ತಿರುಗಿ “ಇಳಸು” ಎಂದಷ್ಟೇ ಹೇಳಿ, ಗುಡ್ಡ ಇಳಿದು ಹೋದ.

ಆ ಮೂರು ದಿನಗಳ ಕೆಲಸದಂಥದ್ದನ್ನು ತೆಗ್ಗಿನಾಳ ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ನಾಲ್ಕು ತಿಂಗಳು ಕಟ್ಟಿದ ಹುಡೇವಿನ ಕಲ್ಲುಗಳನ್ನು ಉರುಳಿಸಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಆದರೆ ಕಲ್ಲು ಬಿದ್ದ ಅದುರಿಗೆ ಬಾವಿಯ ಹಾಸುಗಲ್ಲು ಕದಲಬಹುದೆಂದು ಗಾಳೆವ್ವ ಒಂದೇ ಒಂದು ಕಲ್ಲೂ ನೆಲಕ್ಕೆ ಅಪ್ಪಳಿಸಬಾರದೆಂದು ಹೇಳಿದ್ದಳು. ಹಾಗಾಗಿ ನೂರಾರು ಮಂದಿ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರು. ಕೆಳಗಿನ ಪೆಟ್ಟು ಕೇಳಿಸಲೆಂದು ಮಾತಿಲ್ಲ, ಕೂಗಿಲ್ಲ. ಬಸುರಿಯರೂ ಮುದುಕರೂ ಸಾಲಿನಲ್ಲಿದ್ದರು. ಒಬ್ಬನ ಕಾಲಿನ ಮೇಲೆ ಕಲ್ಲು ಜಾರಿ ಬೆರಳು ಜಜ್ಜಿದರೂ ಅವನು ಹಲ್ಲು ಕಚ್ಚಿ ನಿಂತನಂತೆ. ಎರಡನೆಯ ದಿನ ಮಧ್ಯಾಹ್ನ ಬಡಗಣದ ಬಯಲಿನಲ್ಲಿ ಧೂಳೆದ್ದಿತು. ಸಾಲಿನಲ್ಲಿದ್ದವರ ಕೈ ನಿಂತವು. ಎಲ್ಲರೂ ಹುಡೇವಿನ ಅರ್ಧಕ್ಕಿಳಿದ ಗೋಡೆಯನ್ನೂ, ಆ ಧೂಳನ್ನೂ, ಮರಳಿ ಬಂದು ಅಲ್ಲೇ ನಿಂತಿದ್ದ ದೇಸಾಯಿಯನ್ನೂ ನೋಡಿದರು. ಅವನು ಮುಂದಿನ ಕಲ್ಲಿಗೆ ತಾನೇ ಕೈ ಚಾಚಿದ. ಒಂದು ಗಳಿಗೆ ಕಳೆದ ಮೇಲೆ ಧೂಳಿನೊಳಗಿಂದ ಕುರಿಗಳ ಹಿಂಡು ಹೊರಬಂತು.

ಕೆಳಗೆ ಗಾಳೆವ್ವ ಮೊದಲ ದಿನವೇ ಸುರಂಗ ಹಿಡಿದಿದ್ದಳು. ಎರಡು ಮೊಳ ಎತ್ತರ, ಒಂದೂವರೆ ಮೊಳ ಅಗಲ. ಒಬ್ಬರು ಮಾತ್ರ ಮಲಗಿಕೊಂಡು ಅಗೆಯಬಹುದು, ಹಿಂದಿನವರು ಮಣ್ಣನ್ನು ಚೀಲದಲ್ಲಿ ಎಳೆಯಬಹುದು. ಬಂಧುಗಳು ಸರದಿಯ ಮೇಲೆ ಒಳಗೆ ಹೋಗುತ್ತಿದ್ದರು, ಅವಳು ಮಾತ್ರ ಹೊರಗೆ ಬಂದದ್ದು ಕಡಿಮೆ. ಔಡಲೆಣ್ಣೆಯ ದೀಪದ ಬೆಳಕಿನಲ್ಲಿ ಅವಳು ನೋಡುತ್ತಿದ್ದುದು ಒಂದನ್ನೇ: ಸಿಕ್ಕ ಪ್ರತಿಯೊಂದು ಕಲ್ಲಿನ ಚಿಕ್ಕಿ ಮೇಲ್ಮುಖವಾಗಿದೆಯೇ? ನೆಲ ಹುಟ್ಟಿದಂದಿನಿಂದ ಕದಲದೆ ಇದ್ದಲ್ಲಿ ಎಲ್ಲ ಚಿಕ್ಕಿಗಳೂ ಮೇಲೆ ನೋಡುತ್ತಿರುತ್ತವೆ. ಎಲ್ಲಾದರೂ ಚಿಕ್ಕಿ ಬೋರಲು ಬಿದ್ದಿದ್ದರೆ ಅಲ್ಲಿಯ ಮಣ್ಣು ಕುಸಿದು ಬಂದದ್ದು, ಅಲ್ಲಿ ಉಸಿರು ಬಿಗಿಹಿಡಿದು ಕೈ ಹಾಕಬೇಕು ಎಂದು ಅಪ್ಪ ಕಲಿಸಿದ್ದ. ಐದು ಮಾರಿನವರೆಗೆ ಎಲ್ಲವೂ ಮೇಲ್ಮುಖವಾಗಿದ್ದವು. ಐದನೆಯ ಮಾರಿಗೆ ಸಾಲು ಇದ್ದಕ್ಕಿದ್ದಂತೆ ಮುಗಿದುಹೋಯಿತು. ಎದುರಿಗೆ ಬಿಳಿಯ ಗಟ್ಟಿ ಬಂಡೆ. ಹಾರೆ ತಾಗಿಸಿದರೆ ಕಿಡಿ ಹಾರಿತು.

ಎಂದೋ ಒಂದು ಕಾಲಕ್ಕೆ ಗುಡ್ಡ ಅಲ್ಲಿ ಸೀಳಿ ಒಂದು ಪಾಲು ಜರುಗಿತ್ತು. ಸಾಲು ಮುಂದೆ ಇದ್ದೇ ಇದೆ, ಆದರೆ ಮೇಲಕ್ಕೆ ಹೋಗಿದೆಯೋ ಕೆಳಕ್ಕೆ ಇಳಿದಿದೆಯೋ? ತಪ್ಪು ದಿಕ್ಕಿಗೆ ಅಗೆದರೆ ಒಂದು ದಿನ ಹಾಳು. ಅಷ್ಟರಲ್ಲಿ ಹೊರಗಿನಿಂದ ಇನ್ನೊಂದು ಮಾತು ಬಂತು. ಕೆಳಗಿನ ಪೆಟ್ಟುಗಳು ಮೊದಲಿಗಿಂತ ಮೇಲಿನಿಂದ ಬರುತ್ತಿವೆ, ಅವರು ಏರಿ ನಿಂತಿದ್ದಾರೆ, ಅಂದರೆ ಕಾಲಡಿಗೆ ನೀರು ಬಂದಿದೆ ಎಂದು ಓಬಳಪ್ಪ ಹೇಳಿ ಕಳಿಸಿದ್ದ. ಗಾಳೆವ್ವ ಬಂಡೆಗೆ ಹಣೆ ಹಚ್ಚಿ ಕುಳಿತಳು. ಕೊನೆಗೆ ಅಪ್ಪನನ್ನು ಒಳಗೆ ಕರೆಸಿದಳು. ಮುದುಕ ತೆವಳಿ ಬಂದ. ದೀಪ ಅವನಿಗೆ ಬೇಕಿರಲಿಲ್ಲ. ಬಂಡೆಯ ಹತ್ತಿರದ ಕೊನೆಯ ನಾಲ್ಕೈದು ಕಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿದ, ಮತ್ತೆ ಮೊದಲಿನಿಂದ ತಡವಿದ.

“ಯವ್ವಾ, ಇವು ಮುಂದಕ್ಕ ತಲಿ ಬಗ್ಗಿಸ್ಯಾವ,” ಎಂದ. “ಇಳದು ಹೋದವರ ಹಿಂದ ಹೊಂಟಂಗ ಅದಾವ ನೋಡು. ಸಾಲು ಕೆಳಗ ಹೋಗೇತಿ. ಕೆಳಗ ಅಗಿ.”

“ಖರೇನ ಅಪ್ಪಾ? ತಪ್ಪಿದ್ರ ಹೊತ್ತಿಲ್ಲ.”

“ಕಣ್ಣಿದ್ದಾಗ ತಪ್ಪೇನಿ, ಹೋದ ಮ್ಯಾಲ ತಪ್ಪಿಲ್ಲ. ಅಗಿ.”

ಒಂದೂವರೆ ಮೊಳ ಕೆಳಗಿಳಿದಾಗ ಹಾರೆಯ ತುದಿಗೆ ಹಳದಿ ಮಣ್ಣು ಹತ್ತಿತು, ಅದರೊಳಗೆ ಮೇಲ್ಮುಖವಾದ ಚಿಕ್ಕಿ. ಸುರಂಗ ಅಲ್ಲಿ ಒಂದು ಮೆಟ್ಟಿಲಿನಂತೆ ಇಳಿದು ಮುಂದುವರಿಯಿತು. ಓಬಳಪ್ಪ ಹೊರಗೆ ಹೋಗಲು ಒಪ್ಪದೆ ಆ ಮೆಟ್ಟಿಲ ಮೇಲೆಯೇ ಕುಳಿತ. ಮೂರನೆಯ ದಿನ ಬೆಳಿಗ್ಗೆ ಪೆಟ್ಟುಗಳು ನಿಂತವು. ಹೊರಗೆ ನಿಂತವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಉಪ್ಪಾರ ಕೈಯಲ್ಲಿದ್ದ ಕಲ್ಲನ್ನು ಇಟ್ಟು ಕುಳಿತುಬಿಟ್ಟ. ಒಳಗಿದ್ದ ಗಾಳೆವ್ವನಿಗೆ ಯಾರೂ ಈ ಸುದ್ದಿ ಮುಟ್ಟಿಸಲಿಲ್ಲ, ಮುಟ್ಟಿಸುವ ಅಗತ್ಯವೂ ಇರಲಿಲ್ಲ. ಅವಳಿಗೂ ಕೇಳುತ್ತಿತ್ತು, ಕೇಳದೆ ಹೋದದ್ದೂ ತಿಳಿದಿತ್ತು. ಅವಳು ಅಗೆಯುವುದನ್ನು ನಿಲ್ಲಿಸಲಿಲ್ಲ. ಎಂಟು ಮಾರು ದಾಟಿತು. ಮೇಲ್ಮುಖ, ಮತ್ತೆ ಮೇಲ್ಮುಖ. ಒಂಬತ್ತನೆಯ ಮಾರಿನ ನಡುವೆ, ನೆತ್ತಿಗೆ ಬಿಸಿಲು ಬಂದ ಹೊತ್ತಿಗೆ, ಅವಳ ಕೈಗೆ ಬಂದ ಕಲ್ಲಿನ ಮೇಲೆ ಚಿಕ್ಕಿ ಇರಲಿಲ್ಲ. ಬೆರಳಿಗೆ ಚಪ್ಪಟೆ ತಳವೂ ಪುಟ್ಟ ಬಾಯಿಯೂ ತಾಗಿದವು. ಪಕ್ಕದ್ದು ಓರೆಯಾಗಿ ನಿಂತಿತ್ತು, ಅದರ ಮುಂದಿನದೂ ಬೋರಲು. ಎದುರಿಗಿದ್ದುದು ಬಾವಿಯ ಕುಸಿದ ಮಣ್ಣು.

“ಬೋರಲ ಚಿಕ್ಕಿ!” ಎಂದು ಅವಳು ಕೂಗಿದಳು. ಬೇರೇನೂ ಹೇಳಲು ಉಸಿರಿರಲಿಲ್ಲ. ಮಣ್ಣು ಎಳೆಯುತ್ತಿದ್ದವನು ಅದನ್ನೇ ಹಿಂದಿನವನಿಗೆ ಕೂಗಿದ, ಅವನು ಮುದುಕನಿಗೆ, ಮುದುಕ ಸುರಂಗದ ಬಾಯಿಗೆ. ಮೂರು ದಿನ ತುಟಿ ಬಿಚ್ಚದೆ ನಿಂತಿದ್ದ ಗುಡ್ಡದ ತುಂಬ ಆ ಒಂದು ಮಾತು ಬಾಯಿಂದ ಬಾಯಿಗೆ ಹಾರಿತು: “ಬೋರಲ ಚಿಕ್ಕಿ! ಬೋರಲ ಚಿಕ್ಕಿ!” ಅದರ ಅರ್ಥ ಅಂದು ಎಳೆಯ ಮಕ್ಕಳಿಗೂ ತಿಳಿದಿತ್ತು ಎನ್ನುತ್ತಾರೆ.

ಗಾಳೆವ್ವ ಹಾರೆ ಬಿಟ್ಟು ಕೈಯಿಂದಲೇ ಮಣ್ಣು ತೆಗೆದಳು. ಒಂದು ತೋಳು ದಪ್ಪದ ಮಣ್ಣಿನಾಚೆ ಟೊಳ್ಳು ಸಿಕ್ಕಿತು. ತೂತಿನ ಬಾಯಿಗೇ ಅಂಟಿಕೊಂಡಂತೆ, ಒಂದು ಚಾಚುಗಲ್ಲಿನ ಮೇಲೆ ರಾಚಪ್ಪ ಬಿದ್ದಿದ್ದ. ಅವನ ಎಡಗಾಲು ತೊಡೆಯಿಂದ ಕೆಳಗೆ ಜಜ್ಜಿಹೋಗಿತ್ತು. ಅವನಾಚೆ ಎದೆಮಟ್ಟದ ನೀರಿನಲ್ಲಿ, ಅವನು ಜಾರದಂತೆ ಎರಡೂ ಕೈಯಿಂದ ಒತ್ತಿಹಿಡಿದು ಬರಮಣ್ಣ ನಿಂತಿದ್ದ. ಬೆಳಗಿನಿಂದ ಕೈ ಬಿಡಲಾಗದೆ ಪೆಟ್ಟು ಹಾಕುವುದನ್ನು ನಿಲ್ಲಿಸಿದ್ದ.

“ನನ್ನ ಬಿಡವ್ವಾ,” ಎಂದ ರಾಚಪ್ಪ. “ಇದೆಲ್ಲ ನನ್ನ ಮಾತಿನಿಂದ ಆಗಿದ್ದು. ನಿನ್ನ ಗಂಡನ್ನ ಕರಕೊಂಡು ಹೋಗು.”

“ದಾರೀಗೆ ನೀವ ಅಡ್ಡ ಇದ್ದೀರಿ ಕಾರಭಾರಿ. ನಿಮ್ಮನ್ನ ಬಿಟ್ಟು ಅವನ್ನ ಹೆಂಗ ತರಲಿ? ಕೈ ಕೊಡ್ರಿ.”

ಅವನನ್ನು ಪಕ್ಕಕ್ಕೆ ಉರುಳಿಸಿ ನೀರಿಗೆ ತಳ್ಳಿಬಿಡಲೇ ಎಂಬ ಯೋಚನೆ ಆ ಗಳಿಗೆಯಲ್ಲಿ ತನಗೆ ಬಂದಿತ್ತೆಂದು ಗಾಳೆವ್ವ ಮುಪ್ಪಿನಲ್ಲಿ ಹೆಂಗಸರ ಮುಂದೆ ಒಪ್ಪಿಕೊಂಡಿದ್ದಳಂತೆ. ಬಂದ ಯೋಚನೆಯನ್ನು ನುಂಗಿ, ಅವನ ರುಮಾಲನ್ನೇ ಬಿಚ್ಚಿ ಕಂಕುಳಿಗೆ ಕಟ್ಟಿ, ಕಾಲು ಹಿಂದಾಗಿ ತೆವಳುತ್ತ ಎಳೆಯತೊಡಗಿದಳು. ಮಣ್ಣು ಎಳೆಯುತ್ತಿದ್ದ ಬಂಧುಗಳು ಆಗಲೇ ಹೊರಗೆ ತೆವಳಿ ದಾರಿ ಬಿಟ್ಟಿದ್ದರು. ಆಚೆಯಿಂದ ಬರಮಣ್ಣ ದೂಡಿದ. ಅವನು ತೂತಿನೊಳಗೆ ನುಗ್ಗಿದ್ದೇ ತಡ, ಕೆಳಗಿನ ಉಸುಕು ಮತ್ತೊಮ್ಮೆ ಒಡೆದು ನೀರು ಭೋರೆಂದು ಹಿಂದೆ ಬಂತು. ದೀಪ ಆರಿತು. ಮೆಟ್ಟಿಲಿನಿಂದ ಒಳಗಿನ ಪಾಲು ತಗ್ಗಿನಲ್ಲಿದ್ದುದರಿಂದ ನೀರು ಮೊದಲು ಅಲ್ಲಿ ತುಂಬಿ ನಿಲ್ಲುತ್ತಿತ್ತು. ಅವರು ಮೆಟ್ಟಿಲು ಮುಟ್ಟುವ ಮೊದಲೇ ನೀರು ಚಾವಣಿಯತನಕ ತುಂಬಿದರೆ ಮೂವರೂ ಮುಗಿದಂತೆ. ನೀರು ಮೊಣಕೈಗೆ ಬಂತು, ಗದ್ದಕ್ಕೆ ಬಂತು. ಕತ್ತಲೆಯಲ್ಲಿ ದಿಕ್ಕು ಹೇಳುತ್ತಿದ್ದುದು ಓಬಳಪ್ಪನ ದನಿಯೊಂದೇ. ಅವನು ಬಿಡುವಿಲ್ಲದೆ “ಇಲ್ಲೇ ಅದೀನಿ, ಯವ್ವಾ, ಇಲ್ಲೇ ಅದೀನಿ” ಎನ್ನುತ್ತಿದ್ದ. ಗಾಳೆವ್ವನ ಹಿಮ್ಮಡಿ ಅವನ ಕೈಗೆ ಸಿಕ್ಕಾಗ ಅವನು ಎಳೆದ ಎಳೆತಕ್ಕೆ ಅವಳ ಕಾಲ್ಗೆಜ್ಜೆ ಕಿತ್ತುಬಂತು. ಅವಳು ಮೆಟ್ಟಿಲು ಏರಿ ರಾಚಪ್ಪನನ್ನು ಎತ್ತಿಕೊಂಡಳು. ಆಮೇಲೆ ನೀರಿನೊಳಗಿಂದ ಯಾರೂ ಬರಲಿಲ್ಲ. ಅವಳು ಅಪ್ಪನ ಸೊಂಟದ ಪಂಚೆಯನ್ನು ಕೈಗೆ ಸುತ್ತಿಕೊಂಡು ತಲೆ ಸಮೇತ ನೀರಿಗೆ ಇಳಿದು, ಸಿಕ್ಕ ಕೂದಲನ್ನು ಹಿಡಿದು ಎಳೆದಳು. ಬರಮಣ್ಣ ಕೆಮ್ಮುತ್ತ ಮೇಲೆ ಬಂದ.

ಸುರಂಗದ ಬಾಯಲ್ಲಿ ಮೊದಲು ರಾಚಪ್ಪ, ಹಿಂದೆ ಉಳಿದವರು ಬೆಳಕಿಗೆ ಬಂದರು. ಅವರ ಹಿಂದೆ ನೀರೂ ಬಂತು. ಮೆಟ್ಟಿಲಿನ ಮಟ್ಟ ಮೀರಿದ ನೀರು ಸುರಂಗದುದ್ದಕ್ಕೂ ಹರಿದು ಗುಡ್ಡದ ಪಕ್ಕೆಯಿಂದ ಹೊರಬಿದ್ದು ಬಯಲಿಗೆ ಇಳಿಯಿತು. ಜನ ಅಳುತ್ತ ನಗುತ್ತ ಅದರಲ್ಲಿ ಮೈ ತೋಯಿಸಿಕೊಂಡರು. ದೇಸಾಯಿ ಮಾತ್ರ ನಗಲಿಲ್ಲ. ಏನಾಯಿತೆಂದು ಅವನಿಗೆ ಆ ಕ್ಷಣವೇ ತಿಳಿದಿತ್ತು. ನೀರು ಕೋಟೆಯ ಹೊರಗೆ ಬಂದಿತ್ತು. ಬಾವಿ ಮತ್ತೆಂದೂ ತುಂಬಲಾರದು, ಹುಡೇವು ನೆಲಕ್ಕಿಳಿದಿತ್ತು, ಕೋಟೆ ಮುಗಿದ ಕಥೆ.

ರಾಚಪ್ಪ ಒಂಬತ್ತು ದಿನ ಬದುಕಿದ. ಸಾಲು ದಾಟಬೇಡವೆಂದು ಆ ಹೆಣ್ಣುಮಗಳು ಹೇಳಿದ್ದಳು, ದಾಟಿಸಿದವನು ನಾನು, ಅವರ ಮೇಲೆ ತಪ್ಪು ಹೊರಿಸಬೇಡಿ ಎಂದು ದೇಸಾಯಿಗೂ ಊರ ಹಿರಿಯರಿಗೂ ಹೇಳಿ ಸತ್ತ. ಇಪ್ಪತ್ತು ದಿನಕ್ಕೆ ಸವಾರರು ನಿಜವಾಗಿಯೂ ಬಂದರು. ದೇಸಾಯಿ ಆಯುಧವಿಲ್ಲದೆ ಊರಬಾಗಿಲಾದ ಅಗಸಿಯ ಹೊರಗೆ ಹೋಗಿ ನಿಂತು, ನೆಲದಡಿ ಜೋಳ ತುಂಬಿಟ್ಟ ಊರಿನ ಹಗೇವುಗಳನ್ನೆಲ್ಲ ತೆರೆದುಕೊಟ್ಟ. ಅವರು ತುಂಬಿಕೊಂಡು ಹೋದರು. ಬಣವೆಗಳನ್ನು ಸುಟ್ಟರು, ಮನೆಗಳನ್ನು ಮುಟ್ಟಲಿಲ್ಲ. ಆ ವರ್ಷ ತೆಗ್ಗಿನಾಳದವರು ಸೊಪ್ಪು ಗೆಡ್ಡೆ ತಿಂದರು. ಹಸಿದ ಮಕ್ಕಳನ್ನು ಮಲಗಿಸಿ ಗಾಳೆವ್ವನ ಹೆಸರು ಹಿಡಿದು ಶಪಿಸಿದ ತಾಯಂದಿರೂ ಇದ್ದರು, ಅದನ್ನು ನೀಲಗಂಗವ್ವ ಮುಚ್ಚಿಡಲಿಲ್ಲ. ತನ್ನ ಮುತ್ತಜ್ಜಿಯ ಮುತ್ತಜ್ಜಿ ಹಾಗೆ ಶಪಿಸಿದವರಲ್ಲಿ ಒಬ್ಬಳೆಂದೇ ಹೇಳಿದಳು. ಒಬ್ಬರು ದೇಸಾಯಿಯ ಮುಂದೆಯೇ ಈ ಮಾತು ತೆಗೆದಾಗ, “ಇಳಸು ಅಂದಾವ ನಾನು. ಬೈಯೂದಿದ್ರ ನನ್ನ ಬೈರಿ” ಎಂದನಂತೆ. ಮುಂದಿನ ಬೇಸಿಗೆಗೆ ಸುತ್ತಣ ಊರುಗಳ ಕೆರೆ ಬಾವಿ ಒಣಗಿದಾಗ ಗುಡ್ಡದ ನೀರು ಒಣಗಲಿಲ್ಲ. ಶಾಪ ಅಲ್ಲಿಗೆ ನಿಂತಿತು.

ಗಾಳೆವ್ವನ ಗುಡಿ ಇಲ್ಲಿಲ್ಲ, ಸಮಾಧಿಯೂ ಇಲ್ಲ. ಮಳೆಗಾಲ ಮುಗಿದ ಮೇಲೆ ಅವರು ಮೂಡಣದ ಯಾವುದೋ ಊರಿಗೆ ಬಾವಿ ತೋಡಲು ಹೊರಟುಹೋದರು. ಬರಮಣ್ಣ ಮತ್ತೆಂದೂ ಬಾವಿಗೆ ಇಳಿಯಲಿಲ್ಲ, ದಂಡೆಯ ಮೇಲೆ ಕುಳಿತು ಹಗ್ಗ ಹಿಡಿಯುತ್ತಿದ್ದನಂತೆ. ಅವರು ಹೋಗುವಾಗ ಊರಿನವರು ಅಗಸಿಯವರೆಗೆ ಬಂದರೆಂದು ಕೆಲವರು, ಯಾರೂ ಬರಲಿಲ್ಲವೆಂದು ಕೆಲವರು ಹೇಳುತ್ತಾರೆ. ನಾನು ಎರಡನ್ನೂ ಬರೆದಿಟ್ಟಿದ್ದೇನೆ.

ಇಂದು ಬರುವವರು ಸಾಮಾನ್ಯವಾಗಿ ನೆತ್ತಿಗೆ ಹತ್ತಿ, ಗೋಡೆಯ ಮೇಲೆ ನಿಂತು ಫೋಟೋ ತೆಗೆದುಕೊಂಡು, ಬಾವಿಗೆ ಬಗ್ಗಿ ನೋಡಿ ಇಳಿಯುತ್ತಾರೆ. ಕೆಳಗೆ ಗವಿಯ ಬಾಯಲ್ಲಿ ಹೆಂಗಸರು ಕೊಡ ತುಂಬುತ್ತಿರುತ್ತಾರೆ, ಅವರಿಗೆ ದಾರಿ ಬಿಡಬೇಕು. ಬಟ್ಟೆ ಕೆಸರಾದರೂ ಪರವಾಗಿಲ್ಲ ಎನ್ನುವವರು ಒಂದು ಟಾರ್ಚು ಹಿಡಿದು ಒಳಗೆ ತೆವಳಬಹುದು. ನೀರು ಮೊಣಕೈ ಮುಳುಗುವಷ್ಟು, ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಎರಡೂ ಬದಿಯ ಮಣ್ಣಿನಲ್ಲಿ ಅರ್ಧ ಹೊರಚಾಚಿದ ಕಲ್ಲುಗಳು, ಎಲ್ಲವೂ ಚಿಕ್ಕಿ ಮೇಲೆ ಮಾಡಿ ಕುಳಿತಿವೆ. ಕಿತ್ತುಕೊಳ್ಳಲು ಊರಿನವರು ಬಿಡುವುದಿಲ್ಲ, ಮುಟ್ಟಬಹುದು. ಐದು ಮಾರು ಹೋದ ಮೇಲೆ ಸುರಂಗ ಮುಗಿದಂತೆ ಕಾಣುತ್ತದೆ, ಆದರೆ ಮುಗಿದಿರುವುದಿಲ್ಲ. ಅಲ್ಲಿ ಮಲಗಿದಂತೆಯೇ ಕೈಯಾಡಿಸಿದರೆ ಕೊನೆಯ ಕಲ್ಲುಗಳು ಮುಂದಕ್ಕೆ ಬಾಗಿರುವುದು ಬೆರಳಿಗೆ ತಿಳಿಯುತ್ತದೆ. ಅದರಾಚೆ ನೀರು ಕಪ್ಪಗೆ, ಅಲುಗದೆ ನಿಂತಿದೆ. ಚಿಕ್ಕಿಗಳ ಸಾಲು ಅಲ್ಲಿಂದ ಇಳಿದು ನೀರಿನೊಳಗೆ ಹೋಗುತ್ತದೆ.